ಪ್ರಶ್ನೆ ಕೇಳುವವನ ಹೊಣೆ

‘ಕ್ವಿಜ್’ ಎಂಬ ಇಂಗ್ಲಿಷ್ ಮಾತಿಗೆ ನಾವು ಕನ್ನಡದಲ್ಲಿ ‘ರಸಪ್ರಶ್ನೆ’ ಎಂಬ ಹೆಸರಿಟ್ಟುಕೊಂಡಿದ್ದೇವೆ. ಹೊರಗಿನಿಂದ ಬಂದ ವಸ್ತುವಿಗೆ ನಾವು ಕೊಟ್ಟ ಹೆಸರು ಮೂಲದ ಹೆಸರಿಗಿಂತ ಚೆನ್ನಾಗಿರುವುದು ಅಪರೂಪ. ಇದು ಅಂಥ ಅಪರೂಪಗಳಲ್ಲಿ ಒಂದು. ಇಂಗ್ಲಿಷಿನ ಶಬ್ದ ಎಲ್ಲಿಂದ ಹುಟ್ಟಿತೆಂಬುದು ಆ ಭಾಷೆಯ ನಿಘಂಟುಕಾರರಿಗೇ ಬಗೆಹರಿದಿಲ್ಲ. ಡಬ್ಲಿನ್ ನಗರದಲ್ಲಿ ನಾಟಕಶಾಲೆಯ ಯಜಮಾನನಾಗಿದ್ದ ಡೇಲಿ ಎಂಬಾತ, ಅರ್ಥವೇ ಇಲ್ಲದ ಶಬ್ದವೊಂದನ್ನು ಒಂದೇ ದಿನದಲ್ಲಿ ಊರಿನವರೆಲ್ಲರ ನಾಲಗೆಯ ಮೇಲೆ ಆಡಿಸುತ್ತೇನೆಂದು ಪಣ ಕಟ್ಟಿ, ರಾತ್ರೋರಾತ್ರಿ ಗೋಡೆಗೋಡೆಗಳ ಮೇಲೆ ಆ ನಾಲ್ಕು ಅಕ್ಷರಗಳನ್ನು ಬರೆಯಿಸಿದನೆಂದು ಒಂದು ಕಥೆಯುಂಟು. 1791ರಲ್ಲಿ ಇದು ನಡೆಯಿತೆಂದು ಹೇಳುತ್ತಾರೆ. ಆದರೆ ಅದಕ್ಕೂ ಮುಂಚೆಯೇ, ವಿಚಿತ್ರ ಸ್ವಭಾವದ ಮನುಷ್ಯ ಎಂಬ ಅರ್ಥದಲ್ಲಿ, ಆ ಶಬ್ದ ಬರವಣಿಗೆಯಲ್ಲಿ ಕಾಣಿಸಿಕೊಂಡಿತ್ತು. ಕಥೆ ಸೊಗಸಾಗಿದೆ, ನಿಜವಲ್ಲ. ಸೊಗಸಾಗಿರುವುದಕ್ಕೂ ನಿಜವಾಗಿರುವುದಕ್ಕೂ ನಡುವಣ ಈ ಅಂತರವೇ ನನ್ನ ಇಂದಿನ ಮಾತಿನ ವಿಷಯ.

ಪ್ರಶ್ನೆಯನ್ನು ವಿನೋದವಾಗಿ ಒಡ್ಡುವುದು ನಮಗೆ ಹೊಸದೇನಲ್ಲ. ನಮ್ಮ ಹಳ್ಳಿಗಳ ಜಗಲಿಯ ಮೇಲೆ ಒಗಟುಗಳಿದ್ದುವು. ಹೆಣ್ಣುಗಂಡುಗಳ ಕಡೆಯವರು ಒಬ್ಬರನ್ನೊಬ್ಬರು ಮದುವೆಯ ಚಪ್ಪರದಲ್ಲಿ ಒಗಟಿನಿಂದ ಕಟ್ಟಿಹಾಕುತ್ತಿದ್ದರು. ವಚನಕಾರರಲ್ಲಿ ಬೆಡಗು ಉಂಟು, ಹರಿದಾಸರಲ್ಲಿ ಮುಂಡಿಗೆ ಉಂಟು. ಆದರೆ ಒಗಟಿಗೂ ರಸಪ್ರಶ್ನೆಗೂ ಒಂದು ಮುಖ್ಯವಾದ ಭೇದವನ್ನು ಗಮನಿಸಬೇಕು. ಒಗಟಿನ ಉತ್ತರ ಒಗಟಿನೊಳಗೇ ಅಡಗಿರುತ್ತದೆ. ನಮ್ಮ ಮುತ್ತಜ್ಜಿ ಕೇಳಿದ ಒಗಟನ್ನು ಇಂದು ಮೊಮ್ಮಗಳು ಕೇಳಿದರೂ ಉತ್ತರ ಅದೇ, ಅದು ಹಳಸುವುದಿಲ್ಲ. ರಸಪ್ರಶ್ನೆಯ ಉತ್ತರವಾದರೋ ಹೊರಗೆ, ಲೋಕದಲ್ಲಿ ಇರುತ್ತದೆ. ಲೋಕ ಬದಲಾದರೆ ಉತ್ತರವೂ ಬದಲಾಗುತ್ತದೆ. ಆದ್ದರಿಂದ ಒಗಟು ಹೇಳುವವನಿಗೆ ಇಲ್ಲದ ಒಂದು ಹೊಣೆ ರಸಪ್ರಶ್ನೆ ಕೇಳುವವನಿಗೆ ಉಂಟು. ಅವನು ಲೋಕದ ಮೇಲೆ ಒಂದು ಕಣ್ಣಿಟ್ಟೇ ಇರಬೇಕು.

ಭಾರತದಲ್ಲಿ ಈ ಆಟ ಬೇರೂರಿದ ಬಗೆಯನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ನೀಲ್ ಓಬ್ರಿಯನ್ ಅವರು 1967ರಲ್ಲಿ ಕಲ್ಕತ್ತೆಯ ಒಂದು ಇಗರ್ಜಿಯ ಸಭಾಂಗಣದಲ್ಲಿ ನಡೆಸಿದ ಸ್ಪರ್ಧೆಯನ್ನು ನಮ್ಮ ದೇಶದ ಮೊದಲ ಸಾರ್ವಜನಿಕ ಕ್ವಿಜ್ ಎಂದು ಹೇಳುವ ವಾಡಿಕೆಯಿದೆ. 1972ರಲ್ಲಿ ಬೋರ್ನ್‌ವಿಟಾ ಕ್ವಿಜ್ ರೇಡಿಯೋದಲ್ಲಿ ಮೊದಲಾಯಿತು. ಹಮೀದ್ ಸಯಾನಿ ಅದನ್ನು ನಡೆಸುತ್ತಿದ್ದರು. 1975ರಲ್ಲಿ ಅವರು ತೀರಿಕೊಂಡ ಮೇಲೆ ಅವರ ತಮ್ಮ ಅಮೀನ್ ಸಯಾನಿ ಮುಂದುವರಿಸಿದರು. ಭಾನುವಾರದ ಹೊತ್ತು ರೇಡಿಯೋದ ಮುಂದೆ ಕುಳಿತು, ಯಾರೋ ಕಾಣದ ಹುಡುಗನಿಗಿಂತ ಮೊದಲೇ ಉತ್ತರ ಹೇಳಿ ಹಿಗ್ಗಿದ ಪೀಳಿಗೆ ನನ್ನದು. ಬೆಂಗಳೂರಿನಲ್ಲಿ ವಿಂಗ್ ಕಮಾಂಡರ್ ಮುಲ್ಕಿಯವರಂಥ ಉತ್ಸಾಹಿಗಳ ದೆಸೆಯಿಂದ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. 2002ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ ಮೊದಲಾದ ಮೇಲೆ ರಸಪ್ರಶ್ನೆಯೆಂಬುದು ಇಂಗ್ಲಿಷ್ ಬಲ್ಲವರ ಸೊತ್ತಾಗಿ ಉಳಿಯಲಿಲ್ಲ. ಅಲ್ಲಿ ಸರಿಯುತ್ತರಕ್ಕೆ ಹಣದ ಬದಲು ಕನ್ನಡ ಪುಸ್ತಕವನ್ನು ಕೈಗಿಡುತ್ತಾರೆ. ಹೊರಗಡೆ 2003ರಿಂದ ವಿಶ್ವ ಕ್ವಿಜ್ ಚಾಂಪಿಯನ್‌ಷಿಪ್ ಎಂಬ ಲಿಖಿತ ಸ್ಪರ್ಧೆ ನಡೆಯುತ್ತ ಬಂದಿದೆ. ಹಲವು ದೇಶಗಳವರು ಒಂದೇ ದಿನ ಕುಳಿತು ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಾರೆ.

ನಾನು ಈ ಆಟದಲ್ಲಿ ದೊಡ್ಡವನಲ್ಲ. ಹಿರಿಯೂರಿನಲ್ಲಿ, ನವೆಂಬರಿನ ಗ್ರಂಥಾಲಯ ಸಪ್ತಾಹದಲ್ಲಿ, ಹಲವು ವರ್ಷಗಳಿಂದ ಒಂದು ಸಂಜೆ ರಸಪ್ರಶ್ನೆ ನಡೆಸುತ್ತ ಬಂದಿದ್ದೇನೆ. ಐವತ್ತು ಕುರ್ಚಿ, ಒಂದು ಮೈಕು, ಒಂದು ಗಂಟೆ. ಪಂಪನಿಂದ ಹಿಡಿದು ಪುಟ್ಟಣ್ಣ ಕಣಗಾಲರವರೆಗೆ ಪ್ರಶ್ನೆಗಳು. 2022ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕರೆಯ ಮೇರೆಗೆ, ಪ್ರೌಢಶಾಲೆಯ ಮಕ್ಕಳಿಗಾಗಿ ಕನ್ನಡದಲ್ಲಿ ನಡೆಯುವ ರಾಜ್ಯಮಟ್ಟದ ಸ್ಪರ್ಧೆಯೊಂದಕ್ಕೆ ಸಹಾಯಕನಾಗಿ ಹೋದೆ. ಅಂಥ ದೊಡ್ಡ ಸ್ಪರ್ಧೆಯ ತೆರೆಯ ಹಿಂದೆ ನಿಂತು ನೋಡಿದ್ದು ಅದೇ ಮೊದಲು. ನಡೆಸಿದವರ ಹೆಸರು ಇಲ್ಲಿ ಬೇಕಿಲ್ಲ. ಅಲ್ಲಿ ನಡೆದದ್ದು ಎಲ್ಲಿ ಬೇಕಾದರೂ ನಡೆಯಬಹುದಾದದ್ದು.

ವೇದಿಕೆಯ ಮುಂದೆ ಕುಳಿತವರಿಗೆ ಕಾಣುವುದು ಆರು ಮೇಜು, ಹನ್ನೆರಡು ಮಕ್ಕಳು, ನಡುವೆ ನಿಂತು ಪ್ರಶ್ನೆ ಓದುವ ಒಬ್ಬ ನಿರ್ವಾಹಕ. ತೆರೆಯ ಹಿಂದೆ ಇರುವುದು ಬೇರೆಯೇ ಲೋಕ. ಬೆಳಗ್ಗೆ ನೂರಾರು ಮಕ್ಕಳು ಬರೆದ ಉತ್ತರಪತ್ರಿಕೆಗಳನ್ನು ಒಬ್ಬರು ತಿದ್ದಿದರೆ ಇನ್ನೊಬ್ಬರು ಮರಳಿ ನೋಡಬೇಕು. ಇಬ್ಬರಿಗೆ ಸಮಸಮ ಅಂಕ ಬಂದರೆ ಬಗೆಹರಿಸುವುದಕ್ಕೆ ಮೊದಲೇ ಗುರುತು ಹಾಕಿದ ಪ್ರಶ್ನೆಗಳಿರಬೇಕು. ಬಂದ ಮೇಲೆ ಆರಿಸಿದರೆ ಪಕ್ಷಪಾತದ ಮಾತು ಹುಟ್ಟುತ್ತದೆ. ವೇದಿಕೆಯ ಸುತ್ತಿಗೆ ಅಂಕ ಬರೆಯುವವರು ಇಬ್ಬರು, ಬೇರೆ ಬೇರೆ ಹಾಳೆಯಲ್ಲಿ. ಯಾವುದಾದರೂ ಪ್ರಶ್ನೆ ಕೆಟ್ಟರೆ ಬಳಸಲು ಮೊಹರು ಮಾಡಿದ ಲಕೋಟೆಯಲ್ಲಿ ಮೀಸಲು ಪ್ರಶ್ನೆಗಳು. ಇವೆಲ್ಲಕ್ಕೂ ಮೇಲೆ ತಕರಾರಿನ ಮೇಜು. ನನ್ನನ್ನು ಕೂರಿಸಿದ್ದು ಅಲ್ಲಿ. ಉತ್ತರದ ವಿಷಯದಲ್ಲಿ ಸಂದೇಹ ಬಂದರೆ ಚೀಟಿ ಬರೆದು ಮುಖ್ಯ ತೀರ್ಪುಗಾರರಿಗೆ ಕಳುಹಿಸುವುದು ನಮ್ಮ ಕೆಲಸ, ತೀರ್ಪು ಅವರದು.

ಆ ಮೇಜಿನಲ್ಲಿ ನನ್ನ ಜೊತೆಗಾರ ಒಬ್ಬ ತರುಣ. ಹಗಲು ಯಾವುದೋ ಕಚೇರಿಯ ಕೆಲಸ. ವಾರಕ್ಕೊಂದು ಸಂಜೆ ಬೆಂಗಳೂರಿನ ಪಬ್ಬೊಂದರಲ್ಲಿ ಕ್ವಿಜ್ ನಡೆಸುತ್ತಾನೆ. ಇಂಗ್ಲೆಂಡಿನಲ್ಲಿ 1970ರ ದಶಕದಿಂದ ಹಬ್ಬಿದ ಪದ್ಧತಿ ಇದು. ಊರಿನ ಪಾನಗೃಹದಲ್ಲಿ ಗೆಳೆಯರು ಮೇಜಿಗೊಂದು ತಂಡವಾಗಿ ಕುಳಿತು ಉತ್ತರ ಬರೆಯುತ್ತಾರೆ, ಗೆದ್ದವರಿಗೆ ಒಂದು ಸಣ್ಣ ಬಹುಮಾನ. ಅವನಿಗೂ ದೊಡ್ಡ ಸ್ಪರ್ಧೆಯಲ್ಲಿ ಇದೇ ಮೊದಲ ಸೇವೆ. ಗ್ರಂಥಾಲಯದ ನಾನೂ ಪಬ್ಬಿನ ಅವನೂ ಅಕ್ಕಪಕ್ಕ ಕುಳಿತದ್ದು ನಮ್ಮಿಬ್ಬರಿಗೂ ನಗೆ ತರಿಸಿತು. “ಅಲ್ಲಿ ನಾನು ಹೇಳಿದ್ದೇ ಕಡೆಯ ಮಾತು ಸರ್” ಎಂದ ಅವನು. “ಯಾರಾದರೂ ತಪ್ಪು ಅಂದರೆ ಒಂದು ಜೋಕು ಹೇಳುತ್ತೇನೆ, ಎಲ್ಲರೂ ನಗುತ್ತಾರೆ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ.” ನಾನು ನಕ್ಕೆನಾದರೂ ಮಾತು ಮನಸ್ಸಿನಲ್ಲಿ ಉಳಿಯಿತು. ಗೆಳೆಯರ ಕೂಟದಲ್ಲಿ ನಗೆ ಒಂದು ತೀರ್ಪೇ ಹೌದು. ಅಲ್ಲಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಮುನ್ನೂರು ಕಿಲೋಮೀಟರು ದೂರದಿಂದ ರಾತ್ರಿಯ ಬಸ್ಸಿನಲ್ಲಿ ಬಂದ ಮಕ್ಕಳ ಮುಂದೆ ನಗೆ ತೀರ್ಪಾಗಲಾರದು.

ಅಂತಿಮ ಸುತ್ತಿಗೆ ಬಂದ ಆರು ತಂಡಗಳಲ್ಲಿ ಒಂದು ನಮ್ಮ ಚಿತ್ರದುರ್ಗ ಜಿಲ್ಲೆಯ ಹಳ್ಳಿಯ ಶಾಲೆಯದು. ಅದರಲ್ಲಿ ಒಬ್ಬಳು ಹುಡುಗಿ, ಒಬ್ಬ ಹುಡುಗ. ನಾಲ್ಕನೆಯ ಸುತ್ತಿನಲ್ಲಿ, ಅದೃಷ್ಟವೆನ್ನಿ ದುರದೃಷ್ಟವೆನ್ನಿ, ಅವರ ಪಾಲಿಗೆ ಬಂದದ್ದು ಮಾರಿಕಣಿವೆಯ ಪ್ರಶ್ನೆ. “ಕಟ್ಟಿದಂದಿನಿಂದ ಒಂದೇ ಒಂದು ಸಲ ಕೋಡಿ ಬಿದ್ದಿರುವ ವಾಣಿವಿಲಾಸ ಸಾಗರ, ಕೋಡಿ ಬಿದ್ದದ್ದು ಯಾವ ಇಸವಿಯಲ್ಲಿ?”

ಹೊರಗಿನ ಶ್ರೋತೃಗಳಿಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬಾಬಾಬುಡನ್ ಗಿರಿಯ ಕಡೆಯಿಂದ ಹರಿದು ಬರುವ ವೇದಾವತಿಯನ್ನು, ಹಿರಿಯೂರಿಗೆ ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿ, ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿಯ ದೇವತೆ ಕಣಿವೆ ಮಾರಮ್ಮ. ಆದ್ದರಿಂದ ಜನರ ಬಾಯಲ್ಲಿ ಅದು ಮಾರಿಕಣಿವೆ. ಕೆಲಸ ಮೊದಲಾದಾಗ ಮೈಸೂರನ್ನು ಆಳುತ್ತಿದ್ದವರು ವಾಣಿವಿಲಾಸ ಸನ್ನಿಧಾನ ಎಂಬ ಬಿರುದಿನ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಆದ್ದರಿಂದ ಸರಕಾರದ ಕಾಗದದಲ್ಲಿ ಅದು ವಾಣಿವಿಲಾಸ ಸಾಗರ. ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. ಬಯಲುಸೀಮೆಯ ಮಳೆಗೆ ಅಷ್ಟು ದೊಡ್ಡ ಪಾತ್ರೆಯನ್ನು ತುಂಬುವುದು ಸುಲಭವಲ್ಲ. 1933ರಲ್ಲಿ ಅದು ತುಂಬಿ ಕೋಡಿ ಬಿತ್ತು. ಆಮೇಲೆ ಬೀಳಲಿಲ್ಲ. ನಮ್ಮ ಸೀಮೆಯಲ್ಲಿ ‘ಮೂವತ್ತಮೂರು’ ಎಂಬುದು ಒಂದು ಇಸವಿಯಾಗಿ ಉಳಿಯದೆ, ಕೈಗೆ ಸಿಕ್ಕದ ಸುಭಿಕ್ಷದ ಹೆಸರಾಗಿತ್ತು. ಅಜ್ಜಂದಿರು ಅದನ್ನು ಕಂಡಿದ್ದರು, ಅಪ್ಪಂದಿರು ಕೇಳಿದ್ದರು, ನಾವು ಓದಿದ್ದೆವು. ನೀರಿನ ತಳ ಕಾಣುವಷ್ಟು ಬರಿದಾದ ವರ್ಷಗಳನ್ನು ಮಾತ್ರ ನಾವು ಕಣ್ಣಾರೆ ಕಂಡವರು.

ಹೀಗಿರುವಾಗ 2022ರ ಮಳೆಗಾಲ ಬಂತು. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಅದಕ್ಕೆ ಹಿಂದಿನ ಕೆಲವು ವರ್ಷಗಳಿಂದ ವೇದಾವತಿಗೆ ಸೇರುತ್ತಿತ್ತು. ಮೇಲೆ ಹಿಡಿದು ಸುರಿದ ಮಳೆ. ಸೆಪ್ಟೆಂಬರಿನ ಆರಂಭದಲ್ಲಿ ಮಾರಿಕಣಿವೆ ಕೋಡಿ ಬಿತ್ತು, 89 ವರ್ಷಗಳ ಮೇಲೆ. ಎತ್ತಿನ ಗಾಡಿಯಿಂದ ಹಿಡಿದು ಕಾರಿನವರೆಗೆ ಸಿಕ್ಕಿದ ವಾಹನ ಹತ್ತಿ ಜನ ನೋಡಲು ಬಂದರು. ನಾನೂ ಹೋದೆ. ಹೆಂಗಸರು ಕೋಡಿಯ ನೀರಿಗೆ ಅರಿಸಿನ ಕುಂಕುಮ ಬಿಟ್ಟು ಕೈಮುಗಿದು ನಿಂತಿದ್ದರು. ‘ಮೂವತ್ತಮೂರು’ ಎಂಬ ಮಾತು ಆ ದಿನ ಪುರಾಣದಿಂದ ಇಳಿದು ಚರಿತ್ರೆಯಾಯಿತು.

ಸ್ಪರ್ಧೆ ನಡೆದದ್ದು ಇದಾಗಿ ಎರಡು ತಿಂಗಳಿಗೆ. ಪ್ರಶ್ನೆಯ ಕಾರ್ಡು ಬರೆದವರು ಯಾವುದೋ ಹಳೆಯ ಸಾಮಾನ್ಯಜ್ಞಾನದ ಪುಸ್ತಕದಿಂದ ಅದನ್ನು ಎತ್ತಿಕೊಂಡಿದ್ದರು.

ಹುಡುಗಿ ಎದ್ದು ನಿಂತು, “ಒಂದೇ ಸಲ ಅಲ್ಲ ಸರ್, ಎರಡು ಸಲ” ಎಂದಳು. ನಿರ್ವಾಹಕರು, “ಇಸವಿ ಹೇಳಮ್ಮ” ಎಂದರು. “ಎರಡು ಇಸವಿ ಇವೆ ಸರ್.” ಅಷ್ಟರಲ್ಲಿ ಗಂಟೆ ಬಾರಿಸಿತು. ಪ್ರಶ್ನೆ ಪಕ್ಕದ ಮೇಜಿಗೆ ಹೋಯಿತು. ಅಲ್ಲಿಯ ಹುಡುಗ, “1933” ಎಂದ. ಚಪ್ಪಾಳೆ, ಅಂಕ.

ನಾನು ಚೀಟಿ ಬರೆದೆ. ಮುಖ್ಯ ತೀರ್ಪುಗಾರರು ಬಂದಾಗ, “ನಾನು ಆ ಸೀಮೆಯವನು, ನನ್ನ ಮಾತನ್ನು ಸಾಕ್ಷಿಯೆಂದು ಹಿಡಿಯಬೇಡಿ, ಸೆಪ್ಟೆಂಬರಿನ ಪತ್ರಿಕೆಗಳನ್ನು ನೋಡಿ” ಎಂದೆ. ಪಬ್ಬಿನ ತರುಣ ಒಂದು ನಿಮಿಷದಲ್ಲಿ ಮೊಬೈಲಿನಲ್ಲಿ ಮೂರು ಪತ್ರಿಕೆಗಳ ವರದಿಗಳನ್ನು ಹುಡುಕಿ ಮುಂದಿಟ್ಟ. ವಾಸ್ತವದ ಬಗೆಗೆ ಚರ್ಚೆ ಉಳಿಯಲಿಲ್ಲ. ಕಷ್ಟ ಬಂದದ್ದು ಆಮೇಲೆ.

ಏನು ಮಾಡಬೇಕು? ಹುಡುಗಿಗೆ ಅಂಕ ಕೊಡಬೇಕೆಂದು ತರುಣ ವಾದಿಸಿದ. ಅವಳು ಹೇಳಿದ್ದು ನಿಜ ತಾನೆ? ನಿಜ. ಆದರೆ ಕೇಳಿದ ಇಸವಿಯನ್ನು ಅವಳು ಹೇಳಿರಲಿಲ್ಲ. ಪಕ್ಕದ ತಂಡದವರ ಶಿಕ್ಷಕರು, ತಮ್ಮ ಹುಡುಗನ ಅಂಕವನ್ನು ಏಕೆ ಕಳೆಯಬೇಕೆಂದು ಕೇಳಿದರು. 1933ರಲ್ಲಿ ಕೋಡಿ ಬಿದ್ದದ್ದು ಸುಳ್ಳೆ? ಸುಳ್ಳಲ್ಲ. ಅಲ್ಲಿಗೆ, ಮಕ್ಕಳು ಕೊಟ್ಟ ಉತ್ತರಗಳೆರಡೂ ನಿಜ, ಪ್ರಶ್ನೆಯೊಂದೇ ಸುಳ್ಳು. ಪ್ರಶ್ನೆಯ ಸುಳ್ಳಿನ ದಂಡವನ್ನು ಉತ್ತರ ಹೇಳಿದವರ ಮೇಲೆ ಹೇರುವುದಲ್ಲದೆ ಬೇರೆ ದಾರಿ ಆ ವೇದಿಕೆಯ ಮೇಲೆ ಇರಲಿಲ್ಲ. ನಿಯಮದಂತೆ ಪ್ರಶ್ನೆಯನ್ನು ರದ್ದು ಮಾಡಿದರು, ಪಕ್ಕದ ತಂಡದ ಅಂಕವನ್ನು ಹಿಂತೆಗೆದುಕೊಂಡರು, ಲಕೋಟೆ ಒಡೆದು ಹುಡುಗಿಯ ತಂಡಕ್ಕೆ ಮೀಸಲು ಪ್ರಶ್ನೆಯನ್ನು ಕೇಳಿದರು. ಅದು ಇದು: 1956ರ ‘ಬಸಂತ್ ಬಹಾರ್’ ಎಂಬ ಹಿಂದೀ ಚಲನಚಿತ್ರಕ್ಕೆ ಆಧಾರವಾದ ಕನ್ನಡ ಕಾದಂಬರಿ ಯಾವುದು?

ಅದು ತ. ರಾ. ಸು. ಅವರ ‘ಹಂಸಗೀತೆ’. ‘ದುರ್ಗಾಸ್ತಮಾನ’ವನ್ನು ಬರೆದು ಚಿತ್ರದುರ್ಗದ ಕೋಟೆಯನ್ನು ಕನ್ನಡಿಗರೆಲ್ಲರ ಮನಸ್ಸಿನಲ್ಲಿ ಕಟ್ಟಿದವರ ಕೃತಿ. ಆದರೆ ಅರುವತ್ತಾರು ವರ್ಷಗಳ ಹಿಂದಿನ ಹಿಂದೀ ಚಿತ್ರದ ಹೆಸರನ್ನು ಹದಿನಾಲ್ಕರ ಮಕ್ಕಳು ಎಲ್ಲಿ ಕೇಳಬೇಕು? ಇಬ್ಬರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಆ ತಂಡ ಮೂರನೆಯ ಸ್ಥಾನಕ್ಕೆ ನಿಂತಿತು.

ತೀರ್ಪು ನ್ಯಾಯವಾದದ್ದೆಂದು ನಾನು ಈಗಲೂ ಹೇಳುತ್ತೇನೆ. ತಂಡ ತಂಡಗಳ ನಡುವೆ ತಕ್ಕಡಿ ಸರಿಯಾಯಿತು. ಆದರೆ ನಿಜ ಹೇಳಿದವಳಿಗೆ ಸಲ್ಲಬೇಕಾದದ್ದು ಆ ತಕ್ಕಡಿಯಲ್ಲಿ ಇರಲಿಲ್ಲ. ವೇದಿಕೆಯಿಂದ ಹೇಳಿದ್ದು, “ತಾಂತ್ರಿಕ ಕಾರಣದಿಂದ ಪ್ರಶ್ನೆಯನ್ನು ಹಿಂತೆಗೆದುಕೊಳ್ಳಲಾಗಿದೆ” ಎಂದಷ್ಟೆ. ಸಭೆಯಲ್ಲಿದ್ದವರಿಗೆ ಅವಳು ಉತ್ತರ ತಿಳಿಯದೆ ತಡವರಿಸಿದಳೆಂದೇ ತೋರಿರಬೇಕು. ಕಾರಣವನ್ನು ಬಿಡಿಸಿ ಹೇಳಬೇಕೆಂದು ತರುಣನೂ ನಾನೂ ಮುಖ್ಯ ತೀರ್ಪುಗಾರರನ್ನು ಕೇಳಿಕೊಂಡೆವು. ಅವರು ದೊಡ್ಡವರು, ಬಹುಮಾನ ಹಂಚುವಾಗ ಮೈಕಿನ ಮುಂದೆ ನಿಂತು, ಹುಡುಗಿ ಹೇಳಿದ್ದು ಸರಿ, ನಮ್ಮ ಕಾರ್ಡು ತಪ್ಪು ಎಂದು ಸ್ಪಷ್ಟವಾಗಿ ಹೇಳಿದರು.

ಆಮೇಲೆ ನಾನು ಅವಳನ್ನು ಮಾತನಾಡಿಸಿದೆ. “1933 ಅಂತ ಹೇಳಿದ್ದರೆ ಅಂಕ ಬರುತ್ತಿತ್ತಲ್ಲ, ಗೊತ್ತಿರಲಿಲ್ಲವೆ?” ಎಂದು ಕೇಳಿದೆ. “ಗೊತ್ತಿತ್ತು ಸರ್. ಆದರೆ ಅವರು ಒಂದೇ ಸಲ ಅಂದರಲ್ಲ” ಎಂದಳು. ಕೊಂಚ ತಡೆದು, “ನಮ್ಮ ಗೈಡಿನಲ್ಲೂ ಒಂದೇ ಸಲ ಅಂತಲೇ ಇದೆ. ಪರೀಕ್ಷೆಗೆ ಬಂದರೆ ಏನು ಬರೆಯಬೇಕು ಸರ್?” ಎಂದಳು. ಎರಡು ಇಸವಿಯನ್ನೂ ಬರೆ, ಎರಡನೆಯದನ್ನು ಕಣ್ಣಾರೆ ಕಂಡಿದ್ದೇನೆ ಎಂದೂ ಬರೆ ಎಂದೆ. ಅಂಥ ಉತ್ತರಕ್ಕೆ ಅಂಕ ಕೊಡುವ ಪರೀಕ್ಷಕರು ಎಷ್ಟು ಮಂದಿ ಎಂದು ಅವಳು ಕೇಳಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಉತ್ತರಪತ್ರಿಕೆ ತಿದ್ದಿದ ನನಗೆ ಅದಕ್ಕೆ ಉತ್ತರ ಗೊತ್ತಿತ್ತು.

ಮಹಾಭಾರತದ ಅರಣ್ಯಪರ್ವದಲ್ಲಿ ಬರುವ ಯಕ್ಷಪ್ರಶ್ನೆಯನ್ನು ನಾವೆಲ್ಲ ಬಲ್ಲೆವು. ಬಾಯಾರಿದ ಪಾಂಡವರು ಒಬ್ಬೊಬ್ಬರಾಗಿ ಕೊಳಕ್ಕೆ ಬರುತ್ತಾರೆ. ಉತ್ತರ ಹೇಳದೆ ನೀರು ಕುಡಿದ ನಾಲ್ವರು ಉರುಳುತ್ತಾರೆ. ಧರ್ಮರಾಯ ಉತ್ತರ ಹೇಳಿ ಎಲ್ಲರನ್ನೂ ಉಳಿಸಿಕೊಳ್ಳುತ್ತಾನೆ. ಈ ಕಥೆಯನ್ನು ಪಾಠ ಹೇಳುವಾಗಲೆಲ್ಲ ನಾವು ಹೊಗಳುವುದು ಧರ್ಮರಾಯನ ಉತ್ತರಗಳನ್ನು. ಕೇಳಿದವನು ಯಾರೆಂಬುದನ್ನು ಕಥೆಯ ಕೊನೆಯ ಸ್ವಾರಸ್ಯವೆಂದು ಹೇಳಿ ಬಿಟ್ಟುಬಿಡುತ್ತೇವೆ. ಯಕ್ಷನ ರೂಪದಲ್ಲಿ ಇದ್ದವನು ಸಾಕ್ಷಾತ್ ಧರ್ಮ. ಅಷ್ಟು ದೊಡ್ಡ ಪಣವನ್ನು ಒಡ್ಡಿ ಪ್ರಶ್ನೆ ಕೇಳುವ ಅಧಿಕಾರ ಅವನಿಗೊಬ್ಬನಿಗೇ ಉಂಟೆಂಬುದು ಕವಿಯ ಅಭಿಪ್ರಾಯವಿರಬೇಕು. ಕೇಳುವವನ ಪ್ರಶ್ನೆಯೇ ಸಟೆಯಾಗಿದ್ದರೆ ಧರ್ಮರಾಯನ ಉತ್ತರಕ್ಕೆ ಬೆಲೆ ಎಲ್ಲಿಯದು?

ನಾವು ಯಕ್ಷರಲ್ಲ, ನಮ್ಮ ಪಣ ಪ್ರಾಣವೂ ಅಲ್ಲ. ಆದರೂ ರಾಜ್ಯೋತ್ಸವಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಪತ್ರಿಕೆಯ ಮಕ್ಕಳ ಪುಟಕ್ಕೆ ಪ್ರಶ್ನೆ ಬರೆಯುವ ಸಾವಿರಾರು ಮಂದಿ ನಮ್ಮಲ್ಲಿದ್ದಾರೆ. ಅವರಲ್ಲಿ ಒಬ್ಬನಾಗಿ ಎರಡು ಮಾತು ಹೇಳುತ್ತೇನೆ. ‘ಏಕೈಕ’, ‘ಮೊದಲ’, ‘ಅತಿ ದೊಡ್ಡ’ ಎಂಬ ಶಬ್ದಗಳು ಪ್ರಶ್ನೆಗೆ ರುಚಿ ಕೊಡುತ್ತವೆ. ಬೇಗ ಹಳಸುವುವೂ ಅವೇ. ‘ಒಂದೇ ಸಲ’ ಎನ್ನುವ ಬದಲು ‘ಮೊದಲ ಸಲ ಕೋಡಿ ಬಿದ್ದದ್ದು ಯಾವಾಗ’ ಎಂದು ಕೇಳಿದ್ದರೆ ಆ ಕಾರ್ಡು ಎಂದಿಗೂ ಸುಳ್ಳಾಗುತ್ತಿರಲಿಲ್ಲ. 2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಹರಿಯಿತು. ಆಗ ‘ಎರಡು ಸಲ’ ಎಂಬ ಉತ್ತರವೂ ಹಳೆಯದಾಯಿತು. ಅಣೆಕಟ್ಟಿನ ಕೆಲಸ ಮುಗಿದ ವರ್ಷ ಒಂದು ಕಡೆ 1907, ಇನ್ನೊಂದು ಕಡೆ 1911 ಎಂದು ಅಚ್ಚಾಗಿದೆ. ಅದನ್ನು ಕೇಳಿ ಮಕ್ಕಳನ್ನು ಸೋಲಿಸುವುದರಲ್ಲಿ ಜಾಣತನವಿಲ್ಲ. ಇನ್ನೊಂದು ಮಾತು. ಇಸವಿಯನ್ನು ಬಲ್ಲವನು ಹೇಳುತ್ತಾನೆ, ಅರಿಯದವನು ಸುಮ್ಮನಿರುತ್ತಾನೆ, ಅಲ್ಲಿ ರಸವಿಲ್ಲ. ‘ಒಂದು ಜಲಾಶಯಕ್ಕೆ ಜನ ಊರದೇವತೆಯ ಹೆಸರಿಟ್ಟರು, ದೊರೆತನ ಮಹಾರಾಣಿಯ ಬಿರುದನ್ನು ಇಟ್ಟಿತು, ಯಾವುದದು?’ ಎಂದು ಕೇಳಿದರೆ, ಕಣಿವೆಯನ್ನು ನೋಡದವನೂ ಆಲೋಚಿಸಿ ದಾರಿ ಹಿಡಿಯಬಹುದು. ಉತ್ತರ ಸಿಕ್ಕಾಗ ‘ಅಹುದಲ್ಲ!’ ಎಂದು ಅರಳುವ ಮುಖಕ್ಕಾಗಿಯೇ ‘ರಸಪ್ರಶ್ನೆ’ ಎಂಬ ಹೆಸರು ಹುಟ್ಟಿದ್ದು ಎಂದು ನನ್ನ ಎಣಿಕೆ.

ಪುಸ್ತಕ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದಾಗ, ಅಂಕ ಹೋದರೂ ಸರಿಯೆಂದು ಕಣ್ಣು ಕಂಡದ್ದನ್ನು ಹೇಳುವ ಮಕ್ಕಳು ನಮ್ಮ ಹಳ್ಳಿಯ ಶಾಲೆಗಳಲ್ಲಿ ಇನ್ನೂ ಇದ್ದಾರೆ. ಅವರ ಮುಂದೆ ನಿಂತು ಪ್ರಶ್ನೆ ಓದುವವರು, ಓದುವುದಕ್ಕೆ ಮೊದಲು ಒಮ್ಮೆ ಹೊರಗೆ ಹೋಗಿ ನೀರು ಎಷ್ಟು ಅಡಿ ಇದೆ ಎಂದು ನೋಡಿ ಬರುವುದು ಒಳ್ಳೆಯದು.

(ಆಕಾಶವಾಣಿಯ ಕೃಪೆಯಿಂದ)